ಬಾಯಿಲೆ ಆಡೋ ಆಟ

ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದಲ್ಲಿ ಕರಿಯಕ್ಕ ಸರಿದು ಕೂತು, ಅಕ್ಕತಂಗಿಯರಿಬ್ಬರಿಗೆ ಜಾಗ ಕೊಟ್ಟಳು. ಅವರು ಒಂದೇ ಮೊಬೈಲ್‌ಗೆ ತಲೆ ಬಗ್ಗಿಸಿ, ಅಣ್ಣನ ಮಗಳು ಅಮೃತಾಳ ಹುಟ್ಟುಹಬ್ಬಕ್ಕೆ ಉಡುಗೊರೆ ಆರಿಸುತ್ತಿದ್ದರು.

“ಈ ಆಟ ಬ್ಯಾಡಕ್ಕ. ದಾಳ ಒಗದು, ರಾಣಿನೋ ಕಳ್ಳಿನೋ ಆಗಿ, ಬಾಯಿಲೆ ಕತಿ ಕಟ್ಟಿ ಹೇಳಬೇಕಂತ.”

“ಅದಕ್ಕ ಇದ ಬೇಕು.”

“ಅಮೃತಾ ತೊದಲ್ತಾಳಲ್ಲ!”

“ಕೇಕ್ ಕತ್ತರಿಸಿದ ಕೂಡ್ಲೆ ಬಿಚ್ಚಿಸಿ, ಮಂದಿ ಮುಂದ ಆಡ್ಸೂಣು. ಅತ್ತಿಗಿ ಸೊಕ್ಕು ಇಳೀತೈತಿ.”

“ಆದ್ರ ಈಗ ಮಾತು ನೆಟ್ಟಗಾಗೈತಂತ. ಸಾಲ್ಯಾಗ ಪದ್ಯ ಹೇಳಿ ಬಹುಮಾನ ತಂದಾಳಂತ.”

“ಸಾಲ್ಯಾಗ ನಾನಿರಲಿಲ್ಲಲ್ಲ.”

“ನೀನಿದ್ರ ಏನಾಕ್ಕಿತ್ತು?”

“ನಾ ಎದುರಿಗೆ ಕುಂತು ಕಣ್ಣಾಗ ಕಣ್ಣಿಟ್ಟು ನೋಡಿದ್ರ ಸಾಕು, ತನ್ನ ಹೆಸರೂ ಆಕಿ ಬಾಯಾಗಿಂದ ಹೊರಗ ಬರೂದಿಲ್ಲ. ಸಣ್ಣಾಕಿದ್ದಾಗಿಂದ ಹಂಗ.”

ತಂಗಿ ಕಿಸಕ್ಕನೆ ನಕ್ಕಳು. ಕೊಟ್ಟೂರು ಬಸ್ ಬಂತು. ಅಕ್ಕ ಬೆರಳೊತ್ತಿ ಆರ್ಡರ್ ಹಾಕಿ ಎದ್ದಳು.

ಇಷ್ಟು ಕೇಳಿಯೂ ಸುಮ್ಮನಿರುವುದು ಕರಿಯಕ್ಕನಿಂದಾಗಲಿಲ್ಲ. “ತಂಗೀ, ಆ ಕೂಸು...” ಎಂದು ಬಾಯಿ ತೆರೆದಳು.

ಅಕ್ಕ ತಿರುಗಿ ನಿಂತು, ಕಣ್ಣು ಮಿಟುಕಿಸದೆ ನೋಡಿದಳು. “ಏನ್ರಿ?”

ಊರೆಲ್ಲ ಕೇಳುವಂತೆ ಜಗಳವಾಡುವ ಕರಿಯಕ್ಕನ ನಾಲಿಗೆ ಅಂಗುಳಿಗೆ ಅಂಟಿತು.

“ನೋಡಿದ್ಯಾ?” ಎಂದು ತಂಗಿಗೆ ಹೇಳಿ ಅಕ್ಕ ಬಸ್ ಹತ್ತಿದಳು.