ಸೀಳಿದ ತೋಟಾಗಳು

ಸುಟ್ಟ ಗೋಧಿ ರವೆಯ ವಾಸನೆ ಬಂದರೆ ಆರ್ಡಿತ್‌ಗೆ ಬಾಲ್ಯದ ಶೆಡ್ಡು ನೆನಪಾಗುತ್ತದೆ. ಅಪ್ಪ ಖಾಲಿ ತೋಟಾಗಳಲ್ಲಿ ಮದ್ದು, ಗುಂಡಿನ ಬದಲು ರವೆ ತುಂಬಿ ಹಾರಿಸಿ, ಅವುಗಳ ಹಿತ್ತಾಳೆಯನ್ನು ರೈಫಲ್ಲಿನ ಅಳತೆಗೆ ಉಬ್ಬಿಸುತ್ತಿದ್ದರು. ಇಂದು ಅಮೆರಿಕದ ಮೊಂಟಾನದ ಬಂದೂಕಿನಂಗಡಿಯಲ್ಲಿ, ಸಾಲಿನಲ್ಲಿ ತನ್ನ ಮುಂದೆ ನಿಂತ ಡೆಲ್ಮರ್‌ನ ಕೋಟಿನಿಂದ ಅದೇ ವಾಸನೆ.

“ಉಬ್ಬಿಸೋಕೆ ಹೋದ್ರೆ ತೋಟಾಗಳೆಲ್ಲಾ ಕತ್ತಿನ ಹತ್ರ ಸೀಳ್ತಿವೆ, ಓರಿನ್,” ಎನ್ನುತ್ತ ಡೆಲ್ಮರ್ ಅವುಗಳನ್ನು ಮೇಜಿನ ಮೇಲೆ ಸುರಿದ.

“ಮೊದ್ಲು ಕತ್ತು ಕಾಯಿಸಿ ಮೆತ್ತಗೆ ಮಾಡಿದ್ಯೇನೋ?” ಅಂಗಡಿಯ ಓರಿನ್ ಕೇಳಿದ.

“ಕಾಯಿಸ್ಬೇಕಾ? ಅದೆಲ್ಲ ಲೊವೀಸಾ ಮಾಡ್ತಿದ್ಲು.”

“ಹೆಂಡ್ತಿ ಮಾಡೋದನ್ನ ಒಂದಿನಾನೂ ನೋಡಿಲ್ವಾ, ಮಹರಾಯ?”

“ನಾನಿರೋವರ್ಗೂ ಅವಳು ಇರ್ತಾಳೆ ಅಂದ್ಕೊಂಡಿದ್ದೆ. ಈ ಅಳತೇ ತೋಟಾ ಈಗೆಲ್ಲೂ ಸಿಗಲ್ಲ. ಚಳಿಗಾಲದ ಮಾಂಸಕ್ಕೆ ಇವೇ ಗತಿ.”

“ಹಾಗಾದ್ರೆ ಉಳಿದದ್ದನ್ನ ಮುಟ್ಬೇಡ. ಸಂಜೆ ತಗೊಂಡ್ ಬಾ, ಕಾಯಿಸೋದು ತೋರಿಸ್ತೀನಿ. ಊಟ ಆಯ್ತಾ?”

ಡೆಲ್ಮರ್ ಸೀಳಿದ ತೋಟಾಗಳನ್ನು ಒಂದೊಂದಾಗಿ ಜೇಬಿಗೆ ಹಾಕಿಕೊಂಡ. ಓರಿನ್ ತನ್ನ ಊಟದ ಡಬ್ಬಿಯನ್ನು ಅವನ ಕೈಗಿಟ್ಟ. ಡೆಲ್ಮರ್ ಅದನ್ನು ಹಿಡಿದು ಹೊರನಡೆದ.