ಮುದುಕಿಯ ಎಡ ರೆಕ್ಕೆ

ಇದು ನಮ್ಮ ಪಕ್ಕದ ಮನೆಯ ಮೆಕ್ಯಾನಿಕ್‌ಗೆ ಆದದ್ದು. ಸುಳ್ಳು ಹೇಳುವ ಆಸಾಮಿ ಅಲ್ಲ ಅವನು. ಜೀವಮಾನದಲ್ಲಿ ಒಂದೇ ಒಂದು ಹೇಳಿದ. ಅದರ ಕತೆಯೇ ಇದು.

ಆ ದಿನವೂ ಎಲ್ಲ ದಿನಗಳ ಹಾಗೇ ಶುರುವಾಗಿತ್ತು. ಸರೋವರದ ದಂಡೆಯಲ್ಲಿ ಸಣ್ಣ ರನ್‌ವೇ, ತಗಡಿನ ಶೆಡ್ಡು, ಒಂಟಿ ಎಂಜಿನ್ನಿನ ನಾಲ್ಕು ಸೀಟಿನ ವಿಮಾನ. ಪ್ರವಾಸಿಗರನ್ನು ಕೂರಿಸಿಕೊಂಡು ಸರೋವರ ಸುತ್ತಿಸುವುದು, ಆಚೆ ದಂಡೆಯ ಕಾಡಿನ ಬಿಡಾರಗಳಿಗೆ ಸಾಮಾನು ಮುಟ್ಟಿಸುವುದು ಅದರ ಕೆಲಸ. ಹಾರಿಸುವವನು ಇವನ ತಮ್ಮ, ರಿಪೇರಿ ಅಣ್ಣನಾದ ಇವನದು. ವಿಮಾನ ಇಬ್ಬರಿಗಿಂತ ಹಳೆಯದು. ಅದಕ್ಕೇ ತಮ್ಮ ಅದನ್ನು ಮುದುಕಿ ಅನ್ನುತ್ತಿದ್ದ.

ಬೆಳಿಗ್ಗೆ ಮೊದಲ ಹಾರಾಟಕ್ಕೆ ಮುಂಚೆ ಒಂದು ಕೆಲಸ ತಪ್ಪುವಂತಿಲ್ಲ. ಪೆಟ್ರೋಲಿನ ಟ್ಯಾಂಕು ಎರಡೂ ರೆಕ್ಕೆಗಳಲ್ಲಿ ಇರುತ್ತದೆ. ರಾತ್ರಿಯ ಥಂಡಿಗೆ ಟ್ಯಾಂಕಿನ ಒಳಗೋಡೆ ಬೆವರಿ ನೀರು ತಳ ಸೇರುತ್ತದೆ. ಆ ನೀರು ಎಂಜಿನ್ನಿಗೆ ಹೋದರೆ ಮುಗಿಯಿತು. ಆದ್ದರಿಂದ ರೆಕ್ಕೆಯ ಅಡಿಯಿಂದ ಒಂದು ಲೋಟ ಬಸಿದು ಬೆಳಕಿಗೆ ಹಿಡಿದು ನೋಡಬೇಕು, ಬಲಕ್ಕೊಮ್ಮೆ, ಎಡಕ್ಕೊಮ್ಮೆ. ಹಾರಿಸುವವನೇ ನೋಡಬೇಕೆಂಬುದು ನಿಯಮ. ಆದರೆ ಅಣ್ಣ ನೋಡಿದ ಮೇಲೆ ತಮ್ಮ ಇನ್ನೊಮ್ಮೆ ನೋಡಿದವನಲ್ಲ. ‘ನೋಡಿದ್ಯಾ?’ ಅನ್ನುವನು. ಅಣ್ಣ ‘ನೋಡ್ದೆ’ ಅಂದರೆ ಎಂಜಿನ್ನಿನ ತಗಡಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ಹತ್ತುವನು. ಟಕ್, ಟಕ್.

ಅಂದು ಅಣ್ಣ ಬಲ ರೆಕ್ಕೆ ಮುಗಿಸಿ ಏದುಸಿರು ಬಿಡುತ್ತ ಎದ್ದ. ತಮ್ಮ ಅವನ ಹೊಟ್ಟೆ ನೋಡಿ, ನೀನು ಮಾತ್ರ ಹತ್ತಬೇಡ ಮಾರಾಯ, ಮುದುಕಿಗೆ ಸೊಂಟ ಹಿಡಿಯುತ್ತೆ ಅಂದ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಆ ನಗುವಿನಲ್ಲಿ ಎಡ ರೆಕ್ಕೆ ಮರೆತೇ ಹೋಯಿತು.

‘ನೋಡಿದ್ಯಾ?’

‘ನೋಡ್ದೆ.’

ಟಕ್, ಟಕ್.

ಪ್ರವಾಸಿಗರು ಇರಲಿಲ್ಲ, ಬರೀ ಸಾಮಾನು. ಸರೋವರದ ಮೇಲೆ ಎಂಜಿನ್ನು ಎರಡು ಸಲ ಕೆಮ್ಮಿತು, ನಿಂತಿತು. ಮುದುಕಿ ನೀರಿಗೆ ಬಿದ್ದದ್ದನ್ನು ಅಣ್ಣ ಕಣ್ಣಾರೆ ಕಂಡ. ಬಿದ್ದ ಸದ್ದು ದಂಡೆಗೆ ತಡವಾಗಿ ಬಂತು.

ವಿಚಾರಣೆಗೆ ಬಂದವರಿಗೆ ಅವನು, ಆ ಬೆಳಿಗ್ಗೆ ನಾನು ವಿಮಾನದ ಹತ್ತಿರ ಹೋಗಲೇ ಇಲ್ಲ ಅಂದುಬಿಟ್ಟ. ಹಾರಿಸಿದವನ ಅಜಾಗರೂಕತೆ ಎಂದು ವರದಿಯಾಯಿತು. ತಮ್ಮನ ಹೆಂಡತಿ ಮೂರು ವರ್ಷದ ಮಗಳ ಜೊತೆಗೆ ಆ ಮಾತನ್ನೂ ಹೊತ್ತಳು. ಮನೇಲಿ ಮಗು ಇದೆ ಅನ್ನೋದಾದರೂ ನೆನಪಾಗಬಾರದಿತ್ತಾ ಅವರಿಗೆ ಎಂದು ಸತ್ತವನನ್ನು ಬೈದುಕೊಂಡು ಅತ್ತಾಗ ಇವನು ತಲೆ ತಗ್ಗಿಸಿ ಕೂತಿದ್ದ.

ನಾಲ್ಕು ತಿಂಗಳು ಕಳೆಯಿತು. ಶೆಡ್ಡಿಗೆ ಬೇರೊಂದು ವಿಮಾನ ಬಂದಿತ್ತು, ರಿಪೇರಿ ಇವನದೇ. ಒಂದು ರಾತ್ರಿ ಶೆಡ್ಡಿಗೆ ಬೀಗ ಹಾಕಿ ಮನೆಗೆ ನಡೆಯುತ್ತಿದ್ದ. ಹೊತ್ತು ಮೀರಿತ್ತು. ರನ್‌ವೇ ತುದಿಯ ಹಾಳುಬಾವಿ ದಾಟುವಾಗ... ಬೆನ್ನ ಹಿಂದೆ ಯಾರೋ ನಿಂತ ಹಾಗಾಯಿತು.

‘ಅಣ್ಣಾ... ನೋಡಿದ್ಯಾ?’

ಪಿಸುಮಾತು. ಕಿವಿಯ ಪಕ್ಕದಲ್ಲೇ. ರೂಢಿಯ ನಾಲಿಗೆ ಆಡಿಬಿಟ್ಟಿತು.

‘ನೋಡ್ದೆ.’

ಟಕ್... ಟಕ್.

ವಿಮಾನದ ಬಾಗಿಲು ಕಿರ್ರೆಂದು ಮುಚ್ಚಿತು. ಎಂಜಿನ್ನು ಗುರ್ರೆಂದಿತು. ರನ್‌ವೇ ಮೇಲೆ ಏನೂ ಇಲ್ಲ. ಸದ್ದು ಮಾತ್ರ ಓಡಿತು, ಮೇಲೆದ್ದಿತು, ಸರೋವರದ ಮೇಲೆ ಹೋಯಿತು. ಎರಡು ಸಲ ಕೆಮ್ಮಿತು... ನಿಂತಿತು.

ಮರುರಾತ್ರಿ, ಏನೇ ಆಗಲಿ ನಿಜ ಹೇಳಬೇಕೆಂದೇ ಹೋದ. ಭಯಕ್ಕೆ ಬಾಯಿಂದ ಮತ್ತೆ ಅದೇ ಬಂತು. ತಮ್ಮ ಮತ್ತೆ ನಂಬಿದ. ಮತ್ತೆ ಹತ್ತಿದ.

ಮೂರನೇ ರಾತ್ರಿ ಬಾವಿಕಟ್ಟೆಯ ಮೇಲೆ ಕೂತು ಕಾದ.

‘ಅಣ್ಣಾ... ನೋಡಿದ್ಯಾ?’

‘ಇಲ್ಲ ಕಣೋ. ಎಡಗಡೆ ನೋಡ್ಲಿಲ್ಲ. ಹತ್ತಬೇಡ ಕಣೋ.’

ತಗಡು ಬಡಿಯಲಿಲ್ಲ. ಎಂಜಿನ್ನು ಏಳಲಿಲ್ಲ. ಆಮೇಲೆ ಜಲ್ಲಿಯ ಮೇಲೆ ಹೆಜ್ಜೆ... ಚರಕ್, ಚರಕ್... ಮನೆಗಳ ಕಡೆಗೆ ಹೊರಟಿತು. ಇವನು ಹಿಂದೆಯೇ ನಡೆದ. ತಮ್ಮನ ಮನೆಯ ಗೇಟಿನ ಬಳಿ ಹೆಜ್ಜೆ ಸದ್ದು ನಿಂತಿತು.

ಬಾಗಿಲು ತಟ್ಟಿದ. ಅವಳು ತೆರೆದು ಹೊಸಿಲಲ್ಲೇ ನಿಂತಳು. ನಕ್ಕದ್ದರಿಂದ ಹಿಡಿದು ವಿಚಾರಣೆಯಲ್ಲಿ ಹೇಳಿದ್ದರವರೆಗೆ ಎಲ್ಲ ಹೇಳಿದ, ಒಂದನ್ನೂ ಬಿಡಲಿಲ್ಲ. ಅವಳು ಅಳಲಿಲ್ಲ.

‘ನಾಲ್ಕು ತಿಂಗಳಿಂದ ಅವರನ್ನ ಬೈತಾ ಇದೀನಿ ಬಾವ,’ ಅಂದಳು, ಮಲಗಿದ ಮಗು ಏಳದ ಹಾಗೆ ಮೆಲ್ಲಗೆ. ಬಾಗಿಲಿಗೆ ಕೈ ಹಾಕಿ, ‘ಇನ್ನು ಈ ಮನೆಗೆ ಬರಬೇಡಿ.’

ಅವನು ಆಮೇಲೆ ಹೋಗಿಲ್ಲ. ವಿಚಾರಣೆಯವರಿಗೆ ನಿಜ ಬರೆದು ಕಳಿಸಿದ, ಕೆಲಸವೂ ಹೋಯಿತು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ನಡೆದದ್ದು ನಡೆದದ್ದೇ. ಆ ರಾತ್ರಿ ಅವಳು ಬಾಗಿಲು ಮುಚ್ಚಿದಾಗ ಒಳಗಿನಿಂದ ಎರಡು ಚಿಲಕಗಳೂ ಒಟ್ಟಿಗೇ ಬಿದ್ದವು, ಕೆಳಗಿನದೂ ಮೇಲಿನದೂ.

ಮೇಲಿನ ಚಿಲಕ ಅವಳ ಕೈಗೆ ಎಟುಕುವುದಿಲ್ಲ.