ಕಾಲು ಗಂಟೆ ಮುಂದಿದ್ದ ಗಡಿಯಾರ

ಸಮುದ್ರದ ದೊಡ್ಡ ಉಬ್ಬರದ ದಿನ ಒಂದು ಗಂಟೆ ಹೊಡೆಯುವಷ್ಟರಲ್ಲಿ ಪ್ಲೋವರ್ ಪಬ್ಬಿನ ಹಿಂದಿನ ತಗ್ಗು ದಾರಿ ನೀರಿನಡಿ ಹೋಗಿಬಿಡುತ್ತದೆ. ಆಮೇಲೆ ಮೂರೂವರೆಯ ತನಕ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಆರು ವರ್ಷದಿಂದ ವಾರಕ್ಕೆರಡು ಸಲ ಈ ಪಬ್ಬಿಗೆ ತಿನ್ನುವ ಸಮುದ್ರಸಿಂಪಿ ತಂದು ಹಾಕುತ್ತಿದ್ದರೂ ನಾನು ಒಮ್ಮೆಯೂ ಹಾಗೆ ಸಿಕ್ಕಿಕೊಂಡವನಲ್ಲ. ಅಕ್ಟೋಬರಿನ ಆ ಮಂಗಳವಾರ ಮಾತ್ರ ಮಳೆಯಲ್ಲಿ ವ್ಯಾನು ಕೆಟ್ಟು ನಿಂತು ತಡವಾಯಿತು. ಬುಟ್ಟಿಗಳನ್ನು ಇಳಿಸಿ ತಿರುಗಿ ನೋಡಿದರೆ ದಾರಿಯ ಪಕ್ಕದ ಬೇಲಿಯ ತುದಿಯಷ್ಟೇ ಕಾಣುತ್ತಿತ್ತು.

ಒಳಗೆ ಇನ್ನಿಬ್ಬರು ಗಿರಾಕಿಗಳಿದ್ದರು, ರೂಪರ್ಟ್ ಮತ್ತು ಅವನ ಹೆಂಡತಿ ಜೆಮ್ಮಾ. ಇಲ್ಲಿಯ ಬಿಯರ್ ಕುಡಿಯಬೇಕು, ಹಾವುಮೀನಿನ ಪೈ ತಿನ್ನಬೇಕು ಎಂದು ನಗರದಿಂದ ಕಾರಿನಲ್ಲಿ ಬಂದಿದ್ದವರು. ದಾರಿ ಮುಳುಗಿದ್ದು ಅವರಿಗೆ ತಮಾಷೆಯಾಗಿತ್ತು. ಬೆಂಕಿಗೂಡಿನ ಪಕ್ಕದಲ್ಲಿ ಥರ್ಜಾ ಅಜ್ಜಿ ಕೂತಿದ್ದಳು. ತೊಂಬತ್ತೊಂದು ವರ್ಷ. ಹರೆಯದಲ್ಲಿ ಇದೇ ಪಬ್ಬಿನಲ್ಲಿ ಬಿಯರ್ ಸುರಿದು ಕೊಡುತ್ತಿದ್ದವಳು, ಈಗ ಮೇಲಿನ ಕೋಣೆಯಲ್ಲಿ ಇರುವವಳು. ಮುಂದೆ ಅರ್ಧ ಲೋಟ ಕಪ್ಪು ಬಿಯರು, ತಟ್ಟೆಯಲ್ಲಿ ಉಪ್ಪಿನಕಾಯಿ ಹಾಕಿದ ಈರುಳ್ಳಿ.

ಜೆಮ್ಮಾ ತನ್ನ ಫೋನು ನೋಡಿ, ಗೋಡೆ ನೋಡಿ ಕೇಳಿದಳು: "ಆ ಗಡಿಯಾರ ಕಾಲು ಗಂಟೆ ಮುಂದಿದೆಯಲ್ಲ?"

ಪಬ್ಬಿನ ಯಜಮಾನ ಕಾಲಿನ್ ಒರೆಸುತ್ತಿದ್ದ ಲೋಟವನ್ನು ಅಲ್ಲೇ ಇಟ್ಟ. "ನಾನು ಪೀಪಾಯಿ ನೋಡ್ಕೊಂಡ್ ಬರ್ತೀನಿ" ಎಂದು ನೆಲಮಾಳಿಗೆಗೆ ಇಳಿದು ಬಾಗಿಲು ಹಾಕಿಕೊಂಡ. ಅಜ್ಜಿ ಒಂದು ಈರುಳ್ಳಿ ಬಾಯಿಗೆ ಹಾಕಿಕೊಂಡು, ಕುರ್ಚಿಯನ್ನು ನಮ್ಮ ಕಡೆಗೆ ಎಳೆದುಕೊಂಡಳು.

"ಮುಂದಿಲ್ಲ ಕಣಮ್ಮ, ಇರಬೇಕಾದ ಹಾಗೇ ಇದೆ. ನಮ್ಮ ಕಡೆ ಪಬ್ಬಿನ ಗಡಿಯಾರ ಅಂದ್ರೆ ಕಾಲು ಗಂಟೆ ಮುಂದೇ ಇರಬೇಕು. ಆಗೆಲ್ಲ ಮಧ್ಯಾಹ್ನ ಎರಡೂವರೆಗೆ ಬಾಗಿಲು ಹಾಕು ಅಂತ ಕಾನೂನಿತ್ತು, ಈ ಗಂಡಸರು ಲೋಟ ಬಿಟ್ಟು ಏಳೋ ಪೈಕಿನಾ? ಅದಕ್ಕೇ ಮುಳ್ಳು ಮುಂದೆ ತಳ್ಳಿ ಇಡ್ತಿದ್ರು. ಊರಿಗೆಲ್ಲ ಗೊತ್ತಿದ್ದ ಗುಟ್ಟು ಅದು, ಎಲ್ಲರೂ ಗಡಿಯಾರ ನೋಡಿದ ತಕ್ಷಣ ಮನಸ್ಸಲ್ಲೇ ಕಾಲು ಗಂಟೆ ಕಳೆಯೋರು, ಕಳೆದು ಇನ್ನೊಂದು ಲೋಟ ಹಾಕೋರು. ನಗ್ತೀಯೇನೋ ರೂಪರ್ಟು? ನಗು, ನಗು. ಆ ಕಾಲು ಗಂಟೇಲಿ ಒಂದು ಜೀವ ಹೋಗಿದೆ ಕಣೋ.

"ಎದುರಿಗೆ ಕಾಣುತ್ತಲ್ಲ ಆ ನಡುಗಡ್ಡೆ... ಈ ಮಳೇಲಿ ಎಲ್ಲಿ ಕಾಣ್ಬೇಕು ಬಿಡಿ... ಅಲ್ಲಿ ಜೆಸ್ ಫ್ರೈಯರ್ ಅಂತ ಒಬ್ಬ ಇದ್ದ. ಬಿಯರ್ ಕಾಯಿಸೋನು. ನೀವೀಗ ಕುಡೀತಾ ಇದೀರಲ್ಲ, ಇದು ಅವನ ಬಿಯರಿನ ಮುಂದೆ ಪಾತ್ರೆ ತೊಳೆದ ನೀರು. ನೀರು ಇಳಿದಾಗ ಮಧ್ಯದಲ್ಲಿ ಒಂದು ಕಲ್ಲುದಾರಿ ಏಳುತ್ತೆ, ಒಂದು ಮೈಲಿ ಉದ್ದ, ಅದರ ಮೇಲೆ ಪೀಪಾಯಿ ಹೇರಿದ ಕೈಗಾಡಿ ತಳ್ಕೊಂಡು ಬರೋನು, ಖಾಲಿ ಪೀಪಾಯಿ ಹೇರ್ಕೊಂಡು ಹೋಗೋನು. ಬಂದೋನು ಇಲ್ಲೇ, ಈ ಬಾರಿನ ಮುಂದೆ, ನಿಧಾನಕ್ಕೆ ಎರಡು ಲೋಟ ಕುಡಿಯೋನು. ಎಷ್ಟು ನಿಧಾನ ಅಂತೀರಿ... ಕೊನೇ ಗುಟುಕನ್ನ ಬಾಯಲ್ಲೇ ಇಟ್ಕೊಂಡು ಕಣ್ಣು ಮುಚ್ಚೋನು. ನಾನು ಹತ್ತೊಂಬತ್ತರ ಹುಡುಗಿ, ಎದುರಿಗೆ ನಿಂತ್ಕೊಂಡು ಅವನ ಮುಚ್ಚಿದ ಕಣ್ಣನ್ನೇ ನೋಡ್ತಿದ್ದೆ. ಎರಡು ವರ್ಷ ನೋಡ್ದೆ. ನಡುಗಡ್ಡೇಲಿ ಸ್ವಂತ ಪಬ್ ಹಾಕ್ತೀನಿ ಥರ್ಜಾ, ಅಡುಗೆಮನೆ ನಿಂದು, ಬಿಯರ್ ನಂದು ಅಂತಿದ್ದ. ನಂಬಿದ್ದೆ ಕಣಮ್ಮ. ಮೈಯೆಲ್ಲ ನಂಬಿಕೆ.

"ಆಗ ಇಲ್ಲಿ ಯಜಮಾನ ಹೊರೇಸ್ ಪಿಂಚ್‌ಬೆಕ್. ಹೊಟ್ಟೆಕಿಚ್ಚಿನ ಮುಂಡೇದು. ಜೆಸ್ ಪಬ್ ತೆಗೆದ್ರೆ ಇಲ್ಲಿಗೆ ಯಾವ ನಾಯಿ ಬರುತ್ತೆ? ಜೆಸ್ಸಿನ ಲೈಸೆನ್ಸು ವಿಚಾರಣೆ ಬುಧವಾರ ಬೆಳಿಗ್ಗೆ ಪಟ್ಟಣದಲ್ಲಿ ಅಂತ ನಿಕ್ಕಿಯಾಗಿತ್ತು. ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆಯೋಕೆ ಮುಂಚೆ ಹೊರೇಸ ಸ್ಟೂಲು ಹತ್ತಿದ. ಹತ್ತಿ ಏನ್ ಮಾಡ್ದ ಅಂತೀರಿ? ಗಡಿಯಾರ ಕೆಡಿಸಿದ್ನಾ? ಇಲ್ಲಪ್ಪ... ಸರಿ ಮಾಡ್ದ. ಕಾಲು ಗಂಟೆ ಹಿಂದಕ್ಕೆ ತಿರುಗಿಸಿ ರೇಡಿಯೋ ಟೈಮಿಗೆ ಸರಿಯಾಗಿ ಇಟ್ಟ. ಅಷ್ಟೇ."

"ಸರಿ ಇಟ್ಟರೆ ಏನಾಯ್ತು?" ಎಂದ ರೂಪರ್ಟ್.

"ಏನಾಯ್ತಾ? ಬುದ್ಧಿವಂತ, ನೀನೇ ಲೆಕ್ಕ ಹಾಕು. ದೊಡ್ಡ ಉಬ್ಬರದ ದಿನ ಹನ್ನೆರಡು ಗಂಟೆ ಒಳಗೆ ಕಲ್ಲುದಾರಿಗೆ ಇಳಿದ್ರೆ ಆಚೆ ದಡ. ಮೀರಿದ್ರೆ ನಡುದಾರೀಲಿ ಎರಡೂ ಕಡೆಯಿಂದ ನೀರು ಬಂದು ಸೇರುತ್ತೆ. ಜೆಸ್ ಹತ್ರ ವಾಚಿರಲಿಲ್ಲ, ಪಬ್ಬಿನ ಗಡಿಯಾರವೇ ಗತಿ. ಅದು ಹನ್ನೆರಡೂಕಾಲು ತೋರಿಸಿದ್ರೆ ಹನ್ನೆರಡು ಅಂತ ಅವನ ಲೆಕ್ಕ. ಆವತ್ತು ಹನ್ನೆರಡೂಕಾಲು ಅಂದ್ರೆ ಹನ್ನೆರಡೂಕಾಲೇ. ಮೇಲೆ ಮಂಜು, ನೀರು ಎಲ್ಲಿದೆ ಅಂತ ಕಣ್ಣಿಗೆ ಕಾಣೋ ಹಾಗೂ ಇಲ್ಲ. ಹೊರೇಸ ಇದನ್ನ ಇಬ್ಬರಿಗೆ ಕಿವೀಲಿ ಹೇಳ್ದ. ಒಬ್ಬ ಪೋಸ್ಟ್‌ಮ್ಯಾನ್ ಎಡ್ಗರ್ ಕ್ರಿಸ್ಪ್, ಯಾವಾಗ್ಲೂ ಈ ಮೂಲೇಲಿ ಬಿದ್ದಿರೋನು. ಇನ್ನೊಬ್ಬಳು ನಾನು. 'ಸೊಂಟದ ತನಕ ನೆನೀಲಿ, ಪೀಪಾಯೆಲ್ಲ ತೇಲಿ ಹೋಗ್ಲಿ, ನಾಳೆ ಚಳಿ ಜ್ವರದಲ್ಲಿ ಮಲಗಿರ್ತಾನೆ' ಅಂದ. ಎಡ್ಗರ್ ಹೊಟ್ಟೆ ಹಿಡ್ಕೊಂಡು ನಕ್ಕ.

"ನಾನು ಹೇಳ್ಬೇಕು ಅಂತಲೇ ಇದ್ದೆ. ದೇವರಾಣೆ, ಅವನು ಒಳಗೆ ಬರೋ ತನಕ ಹೇಳ್ಬೇಕು ಅಂತಲೇ ಇದ್ದೆ. ಬಂದ. ಮಂಜಲ್ಲಿ ಕೂದಲೆಲ್ಲ ನೆಂದಿತ್ತು. ಲೋಟ ಎತ್ತಿ, ಎಲ್ಲರ ಮುಂದೆ ಏನಂದ ಗೊತ್ತಾ? ಲೈಸೆನ್ಸು ಸಿಕ್ಕಿದ ಮಾರನೇ ವಾರ ಮದುವೆ, ಹುಡುಗಿ ಗಿರಣಿಯವರ ಮಗಳು ಫೀಬಿ, ಅಡುಗೆ ಅವಳೇ ನೋಡ್ಕೋತಾಳೆ ಅಂದ. ನನ್ನ ಕಡೆ ತಿರುಗಿ, 'ನೀನೂ ಬಾ ಥರ್ಜಾ, ಬಡಿಸೋಕೆ ಒಬ್ಬರು ಬೇಕಲ್ಲ' ಅಂದ.

"ಬಡಿಸೋಕೆ!"

ಅಜ್ಜಿ ಲೋಟವನ್ನು ಮೇಜಿಗೆ ಕುಟ್ಟಿದ ರಭಸಕ್ಕೆ ಬಿಯರು ಚೆಲ್ಲಿತು. ಎಪ್ಪತ್ತು ವರ್ಷದ ಸಿಟ್ಟು ಆ ಮುಖದಲ್ಲಿ ನಿನ್ನೆಯದರಂತೆ ಇತ್ತು. ನಾನು ಬಟ್ಟೆ ತಂದು ಮೇಜು ಒರೆಸಿದೆ. ಅಜ್ಜಿ ನನ್ನ ಕಡೆ ತಿರುಗಿದಳು.

"ಹೊಟ್ಟೇಲಿ ಬೆಂಕಿ ಬಿತ್ತು ಲೆನ್ನಣ್ಣಾ. ಗಡಿಯಾರ ಹನ್ನೆರಡು ದಾಟಿ ಐದು ನಿಮಿಷ ತೋರಿಸ್ತಿತ್ತು. ಅವನು ಎದ್ದ, ಟೋಪಿ ಹಾಕ್ಕೊಂಡ. ಆಗ ಹೋಗಿದ್ರೂ ಓಡಿಯೋ ಈಜಿಯೋ ಹೇಗೋ ಬದುಕ್ತಿದ್ದ. ನಾನು... ನಾನು ಅವನ ಲೋಟ ತಗೊಂಡೆ, ಅರ್ಧ ತುಂಬಿಸ್ದೆ, ಮುಂದೆ ಇಟ್ಟೆ. 'ಕೂತ್ಕೋ, ಇನ್ನೂ ಹೊತ್ತಿದೆ' ಅಂದೆ. ಅಷ್ಟೇ ಅಂದಿದ್ದು. ಇನ್ನೂ ಹೊತ್ತಿದೆ. ಅವನು ಕೂತ. ಹನ್ನೆರಡೂಕಾಲರ ತನಕ, ಆ ಕೊನೇ ಗುಟುಕು ಇತ್ತಲ್ಲ, ಕಣ್ಣು ಮುಚ್ಚಿ ಚಪ್ಪರಿಸಿದ. ಕೈಗಾಡಿ ಕಲ್ಲಿನ ಮೇಲೆ ಗಡಗಡ ಅಂತ ಹೋಗಿದ್ದು ಕೇಳಿಸ್ತು. ಆಮೇಲೆ ಮಂಜಿನೊಳಗಿಂದ ಕೂಗಿದ್ದೂ ಕೇಳಿಸ್ತು. ಎಷ್ಟು ಸಲ ಕೂಗ್ದ ಅಂತ ಕೇಳಬೇಡಿ, ಎಣಿಸಿದೀನಿ, ಹೇಳಲ್ಲ.

"ಮೂರನೇ ದಿನ ಸಿಕ್ಕ, ಪೀಪಾಯಿಯ ಹಗ್ಗಕ್ಕೆ ಸುತ್ಕೊಂಡು. ಕಣ್ಣಿರಲಿಲ್ಲ. ಏಡಿ ತಿಂದಿದ್ವು.

"ತಿಂಗಳಿಗೆ ಮುಂದಿನ ದೊಡ್ಡ ಉಬ್ಬರ ಬಂತು. ನೀರು ತುಂಬಿ ನಿಂತ ಹೊತ್ತಿಗೆ... ನೀರು ಏರೋದೂ ಇಲ್ಲ ಇಳಿಯೋದೂ ಇಲ್ಲ, ಸುಮ್ನೆ ನಿಲ್ಲುತ್ತಲ್ಲ, ಆ ಹೊತ್ತಿಗೆ... ಹೊರಗೆ ಗಡಗಡ ಅಂತ ಸದ್ದು. ನೀರಿನಡಿ ಇರೋ ದಾರೀಲಿ ಗಾಡಿ ಹೇಗೆ ಬರುತ್ತೆ ಹೇಳಿ? ಬಂತು. ಬಾಗಿಲು ತೆಗೀತು. ಕೆಸರಿನ ವಾಸನೆ, ಆಮೇಲೆ ಅವನು. ಗೋಡೆ ತಡವಿಕೊಂಡು ಬಂದ. ಆ ಮಾತೊಂದು ಅವನ ನೆನಪಲ್ಲಿ ಉಳಿದಿತ್ತು, ಆಡಿದೋರು ಯಾರು ಅನ್ನೋದನ್ನ ನೀರು ಅಳಿಸಿಬಿಟ್ಟಿತ್ತು. ಕುರುಡ ಅಲ್ವಾ ಈಗ, ದನಿ ಮೇಲೇ ಗುರುತು ಹಿಡೀಬೇಕು. ಎಡ್ಗರ್ ಕೂತಿದ್ದ ಮೂಲೆಗೆ ಹೋಗಿ ಬಗ್ಗಿ ಕೇಳ್ದ: 'ಇನ್ನೂ ಹೊತ್ತಿದೆ ಅಂದೋರು ಯಾರು?' ಎಡ್ಗರ್ 'ನಂಗೊತ್ತಿಲ್ಲ' ಅಂದ. ನನ್ನ ಮೇಲಿನ ಪ್ರೀತಿಗಲ್ಲ, ತನ್ನ ಪಾಲೂ ಹೊರಗೆ ಬೀಳುತ್ತೆ ಅಂತ. ಒಂದು ವಾರಕ್ಕೆ ಪೋಸ್ಟ್‌ಮ್ಯಾನ್ ಮೊಣಕಾಲುದ್ದದ ಚರಂಡೀಲಿ ಮುಳುಗಿ ಸತ್ತ. ಅದರ ಮುಂದಿನ ಉಬ್ಬರಕ್ಕೆ ಹೊರೇಸನ್ನ ಕೇಳ್ದ. ಅವನೂ 'ಗೊತ್ತಿಲ್ಲ' ಅಂದ. ಹೊರೇಸ್ ಸತ್ತಿದ್ದು ನೆಲಮಾಳಿಗೇಲಿ. ನೆಲ ಒಣಗಿತ್ತು, ಪುಪ್ಪುಸದ ತುಂಬ ಸಮುದ್ರದ ನೀರು. ಡಾಕ್ಟರು ಮೂರು ದಿನ ತಲೆ ಕೆರ್ಕೊಂಡ.

"ನಾನು ಅವನು ಇಲ್ಲಿರೋಷ್ಟು ಹೊತ್ತು ತುಟಿ ಬಿಚ್ಚಲ್ಲ. ಉಸಿರೂ ಮೂಗಲ್ಲೇ. ದನಿ ಕೇಳಿದ್ರೆ ಮುಗೀತು."

"ಊರು ಬಿಟ್ಟು ಹೋಗಬಹುದಿತ್ತಲ್ಲ ಅಜ್ಜಿ?" ಜೆಮ್ಮಾಳ ದನಿ ಸಣ್ಣದಾಗಿತ್ತು.

"ಹೋಗಿದ್ದೆ ಮಗಳೇ. ಸಮುದ್ರದಿಂದ ಅರವತ್ತು ಮೈಲಿ ದೂರ, ನನ್ನ ಅಕ್ಕನ ಮನೆಗೆ. ಉಬ್ಬರದ ದಿನ ಅವಳ ಮನೆ ಮುಂದೇನೂ ಗಾಡಿ ಉರುಳ್ತು. ಅಲ್ಲಂತೂ ಮನೇಲಿ ಪುಟ್ಟ ಮಕ್ಕಳಿದ್ವು, ಎಲ್ಲಿ ನನ್ನ ಹೆಸರು ಹಿಡಿದು ಕೂಗಿಬಿಡ್ತಾವೋ ಅಂತ ಜೀವ ಬಾಯಿಗೆ ಬಂತು. ವಾಪಸ್ ಬಂದೆ. ಮದುವೆ ಆದೆ, ನೆಡ್ ಹುಟ್ಟಿದ. ನನ್ನ ನೆಡ್... ಇಪ್ಪತ್ತೆರಡು ತುಂಬಿದಾಗ ಕೇಳ್ದ, ಅಮ್ಮಾ, ತಿಂಗಳಿಗೊಂದು ದಿನ ನೀನು ಯಾಕೆ ಮೂಗಿ ಥರ ಕೂತಿರ್ತೀಯ ಅಂತ. ನನ್ನ ಕರ್ಮ, ಎಲ್ಲಾ ಹೇಳ್ಬಿಟ್ಟೆ. ಅವತ್ತೇ ಮಧ್ಯಾಹ್ನ ಜೆಸ್ ಬಂದು ಅವನನ್ನ ಕೇಳ್ದ. ನಾನು ಇಲ್ಲೇ, ಇಷ್ಟೇ ದೂರದಲ್ಲಿ ನಿಂತಿದ್ದೆ. ಒಂದು ಮಾತು... 'ನಾನೇ ಕಣೋ' ಅಂತ ಒಂದು ಮಾತು ಅಂದಿದ್ರೆ ನನ್ನ ಮಗ ಉಳೀತಿದ್ದ. ಬಾಯಿ ಬರಲಿಲ್ಲ. ನೆಡ್ ನನ್ನ ಮುಖ ನೋಡ್ದ, 'ಗೊತ್ತಿಲ್ಲ' ಅಂದ. ನಾಲ್ಕನೇ ದಿನ ಕನ್ನಡಿ ಥರ ಇದ್ದ ನೀರಲ್ಲಿ ಅವನ ದೋಣಿ ಮಗುಚಿತ್ತು."

ಮಳೆ ಕಿಟಕಿಗೆ ಬಡಿಯುತ್ತಿತ್ತು. ಜೆಮ್ಮಾ ಕಣ್ಣೊರೆಸಿಕೊಂಡು ಅಜ್ಜಿಯ ಕೈ ಹಿಡಿದುಕೊಂಡಳು. ಅಜ್ಜಿ ಕೈ ಬಿಡಿಸಿಕೊಳ್ಳಲಿಲ್ಲ.

"ಆವತ್ತು ತೀರ್ಮಾನ ಮಾಡ್ದೆ. ಜೆಸ್ಸಿಗೆ ನಾನು ದ್ರೋಹ ಮಾಡಿದ್ದು ನಿಜ, ಅದಕ್ಕೆ ನನ್ನ ತಗೊಳ್ಳಲಿ ಅಂತಲೇ ಇದ್ದೆ. ಮಗನ್ನ ಯಾಕೆ ತಗೊಂಡ? ನಾನು ಸಿಗೋ ತನಕ ಅವನಿಗೆ ಮಣ್ಣಲ್ಲಿ ಜಾಗ ಇಲ್ಲ, ಅಲೀಬೇಕು. ಅಲೀಲಿ! ಕೊನೇ ಗುಟುಕು ಅಂದ್ರೆ ಪ್ರಾಣ ಅಲ್ವಾ ಅವನಿಗೆ? ಆ ಗುಟುಕು ನಾನು. ಕೊಡಲ್ಲ. ನೂರು ವರ್ಷ ಆದ್ರೂ ಕೊಡಲ್ಲ. ವಿಷಯ ಗೊತ್ತಿದ್ದೂ ಗೊತ್ತಿಲ್ಲ ಅನ್ನೋರು ಒಬ್ಬರು ಇದ್ದುಬಿಟ್ರೆ ಆ ಸಲದ ಅವನ ಸಿಟ್ಟು ಅವರ ಮೇಲೆ ತೀರಿಹೋಗುತ್ತೆ, ನನ್ನ ಹುಡುಕೋದು ಬಿಟ್ಟು ಹೊರಟುಹೋಗ್ತಾನೆ. ನೆಡ್ ಸತ್ತ ಮೇಲೆ ಗೊತ್ತಾಗಿದ್ದು ಇದು. ಕಾಲಿನ್ನಿಗೆ ಕತೆ ಗೊತ್ತಿಲ್ಲ, ತಿಳ್ಕೊಳ್ಳೋ ಆಸೇನೂ ಇಲ್ಲ..."

ರೂಪರ್ಟ್ ನಗಲು ನೋಡಿದ. "ಅಜ್ಜಿ, ಹಾಗಾದರೆ ನಮಗೆ ಯಾಕೆ ಹೇಳಿದ್ರಿ?"

ಅಜ್ಜಿ ತಲೆ ಒಂದು ಕಡೆ ವಾಲಿಸಿ ಕೇಳುತ್ತಿದ್ದಳು. ಮಳೆಯ ಸದ್ದಿನ ಕೆಳಗೆ ಇನ್ನೊಂದು ಸದ್ದು ಇತ್ತು. ಮರದ ಗಾಲಿ ಕಲ್ಲಿನ ಮೇಲೆ ಉರುಳುವ ಸದ್ದು, ನಿಧಾನ, ಕಲ್ಲುದಾರಿ ಮುಳುಗಿದ್ದ ಕಡೆಯಿಂದ. ನಾನು ಕಿಟಕಿಯ ಕಡೆ ನೋಡಿದೆ. ನೀರು ತುಂಬಿ ನಿಂತಿತ್ತು, ಅಲುಗುತ್ತಿರಲಿಲ್ಲ.

ಅವಳು ಜೆಮ್ಮಾಳ ಕೈಯನ್ನು ಮೆಲ್ಲಗೆ ತಟ್ಟಿ, ಪಿಸುದನಿಯಲ್ಲಿ ಹೇಳಿದಳು.

"ಇನ್ನು ನಾನು ಮಾತಾಡಲ್ಲ ಮಗಳೇ. ಅವನು ನಿಮ್ಮನ್ನ ಕೇಳ್ತಾನೆ. ನನ್ನ ಹೆಸರು ಹೇಳೋದಾದ್ರೆ ಹೇಳಿ, ನಾನು ತಡೆಯಲ್ಲ. ಮುದುಕಿ, ಪಾಪ, ಇವಳನ್ನ ಯಾಕೆ ಹಿಡ್ಕೊಡೋದು ಅಂದ್ಕೊಂಡು ಇಷ್ಟು ವರ್ಷದಲ್ಲಿ ಯಾರೂ ನನ್ನ ಹೆಸರು ಹೇಳಿಲ್ಲ... ಎಲ್ಲಾ ನಿಮ್ಮ ಥರಾನೇ ಒಳ್ಳೇ ಮನಸ್ಸಿನ ಜನ. ಅವರಲ್ಲಿ ಒಬ್ಬರೂ ಮುಂದಿನ ಉಬ್ಬರ ನೋಡಿಲ್ಲ."